ನಕ್ಷತ್ರಕ್ಕೆ ಅಡ್ಡ ಬಂದವರು

ಮದುವೆ ವಿಡಿಯೋ ಮಾಡುವವನ ಬದುಕಿನಲ್ಲಿ ನಗೆಪಾಟಲಿನ ಪ್ರಸಂಗಗಳಿಗೆ ಎಂದೂ ಬರವಿಲ್ಲ. ಅಂಥವನು ಸಾಲದ್ದಕ್ಕೆ ಆಕಾಶದ ವಿಡಿಯೋಗೂ ಕೈ ಹಾಕಿದರೆ ಅವು ವಿಳಾಸ ಕೇಳಿಕೊಂಡು ಮನೆಗೇ ಬರುತ್ತವೆ. ನಮ್ಮ ಮನೆಗೆ ಈಗಲೂ ಬರುತ್ತಲೇ ಇವೆ.

ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋದಿಂದ ಹಿಡಿದು ಗೃಹಪ್ರವೇಶದವರೆಗೆ ಎಲ್ಲ ಮಾಡುತ್ತೇನೆ. ಎರಡನೇ ಕ್ಯಾಮೆರಾ ಹಿಡಿಯುವವಳು ನಮ್ಮನೆಯವಳೇ. ಕೆಲವು ವರ್ಷಗಳ ಹಿಂದೆ ನೆಲಮಂಗಲದಿಂದ ಒಬ್ಬ ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರು ಅಂಗಡಿಗೆ ಬಂದು, "ಕತ್ತಲಲ್ಲಿ ಚೆನ್ನಾಗಿ ಕಾಣೋ ಕ್ಯಾಮೆರಾ ಯಾವುದಪ್ಪಾ?" ಅಂತ ಕೇಳಿದರು. "ಯಾರ ಮದುವೆ ಸಾರ್?" ಅಂದೆ. "ಮದುವೆ ಅಲ್ಲ, ನಕ್ಷತ್ರ" ಅಂದರು. ಅಲ್ಲಿಗೆ ನನ್ನ ಕಥೆ ಮುಗಿಯಿತು.

ವಿಷಯ ಇಷ್ಟೇ. ಸೂರ್ಯನ ಸುತ್ತ ಲಕ್ಷಾಂತರ ಕ್ಷುದ್ರಗ್ರಹಗಳು ಸುತ್ತುತ್ತಿವೆ. ದೊಡ್ಡ ದೊಡ್ಡ ಬಂಡೆಗಳು ಅಂದುಕೊಳ್ಳಿ. ಯಾವಾಗಲೋ ಒಮ್ಮೆ ಅಂಥದ್ದೊಂದು ಬಂಡೆ ದೂರದ ನಕ್ಷತ್ರಕ್ಕೂ ನಮಗೂ ನಡುವೆ ಹಾದು ಹೋಗುತ್ತದೆ. ಹೋಗುವ ನಾಲ್ಕೈದು ಸೆಕೆಂಡು ಆ ನಕ್ಷತ್ರ ಕಾಣುವುದಿಲ್ಲ. ಮದುವೆಮನೆಯಲ್ಲಿ ಸರಿಯಾಗಿ ಮುಹೂರ್ತದ ಹೊತ್ತಿಗೆ ಒಬ್ಬ ಸೋದರಮಾವ ಕ್ಯಾಮೆರಾಗೆ ಬೆನ್ನು ಕೊಟ್ಟು ನಿಲ್ಲುತ್ತಾನಲ್ಲ, ಹಾಗೆ. ಬಂಡೆಯ ನೆರಳು ಭೂಮಿಯ ಮೇಲೆ ಒಂದು ಪಟ್ಟಿಯಾಗಿ ಓಡುತ್ತದೆ. ಪಟ್ಟಿಯೊಳಗೆ ಇದ್ದವರಿಗೆ ಮಾತ್ರ ನಕ್ಷತ್ರ ಆರುತ್ತದೆ. ಅಲ್ಲಲ್ಲಿ ನಾಲ್ಕು ಜನ ನಿಂತು ಎಷ್ಟು ಹೊತ್ತು ಆರಿತು ಅಂತ ವಿಡಿಯೋ ಮಾಡಿಕೊಂಡರೆ, ಆ ಬಂಡೆಯ ಅಳತೆ, ಆಕಾರ ಎರಡೂ ಸಿಗುತ್ತವೆ. ಯಾವತ್ತು, ಎಲ್ಲಿ, ಯಾವ ಕ್ಷಣಕ್ಕೆ ಅನ್ನುವ ಲೆಕ್ಕ ಮೇಷ್ಟ್ರದು. ಕ್ಯಾಮೆರಾ ನಮ್ಮದು. ಜೀವಮಾನವಿಡೀ ಅಡ್ಡ ಬಂದವರನ್ನು ಬೈದವನು, ಈಗ ಅಡ್ಡ ಬರಲಪ್ಪಾ ದೇವರೇ ಅಂತ ಕೈ ಮುಗಿಯುವ ಹಾಗಾಯಿತು.

ನಮ್ಮ ಗುಂಪಿನಲ್ಲಿ ಹೊಸಕೋಟೆಯ ಒಬ್ಬ ದನದ ಡಾಕ್ಟರಮ್ಮ, ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವ ಒಬ್ಬರು ಇದ್ದಾರೆ. ಎಲ್ಲರಿಗೂ ಒಂದಲ್ಲ ಒಂದು ನಕ್ಷತ್ರ ಆರಿದ ವಿಡಿಯೋ ಸಿಕ್ಕಿತ್ತು. ನನಗೆ ಮಾತ್ರ ಇಲ್ಲ. ಒಂದು ಸಲ ಮೋಡ, ಇನ್ನೊಂದು ಸಲ ನೆರಳು ಪಕ್ಕದ ತಾಲ್ಲೂಕಿಗೆ. "ಮಿಸ್ ಆದ್ರೂ ಅದು ಡೇಟಾನೇ ಕಣಪ್ಪಾ. ಬಂಡೆ ಅಲ್ಲಿರಲಿಲ್ಲ ಅಂತ ಗೊತ್ತಾಯ್ತಲ್ಲ" ಅಂತ ಮೇಷ್ಟ್ರು ಸಮಾಧಾನ ಹೇಳುತ್ತಿದ್ದರು. ನಮ್ಮನೆಯವಳು, "ಧಾರೆ ವಿಡಿಯೋ ಬರ್ಲಿಲ್ಲ ಅಂದ್ರೆ ಹೆಣ್ಣಿನ ಅಪ್ಪನಿಗೂ ಹೀಗೇ ಹೇಳ್ತೀರಾ?" ಅನ್ನುತ್ತಿದ್ದಳು. ಅವಳ ವಾದ ಸರಳವಾಗಿತ್ತು. ಈಗ ಎಲ್ಲ ಮದುವೆಗೂ ಡ್ರೋನ್ ಕೇಳುತ್ತಾರೆ, ಆ ಟೆಲಿಸ್ಕೋಪ್ ಮಾರಿ ಡ್ರೋನ್ ತಗೊಳ್ಳೋಣ. ನಾನು ಪ್ರತಿ ಸಲವೂ, "ಒಂದೇ ಒಂದು ಸಿಗಲಿ ತಡಿ" ಅನ್ನುತ್ತಿದ್ದೆ. ಆ ಒಂದಕ್ಕಾಗಿ ಏನೇನಾಯಿತು ಅಂತ ಹೇಳುತ್ತೇನೆ.

ಮೊದಲ ಜಯ

ಒಂದು ದಿನ ಮುಂಜಾನೆ ನಮ್ಮ ಮನೆ ತಾರಸಿಯ ಮೇಲೆ ಕೂತಿದ್ದೆ. ಟೆಲಿಸ್ಕೋಪಿಗೆ ಕ್ಯಾಮೆರಾ, ಕ್ಯಾಮೆರಾಗೆ ಪ್ರತಿ ಫ್ರೇಮಿನ ಮೇಲೂ ಸಮಯದ ಮುದ್ರೆ ಒತ್ತುವ ಒಂದು ಪುಟ್ಟ ಡಬ್ಬಿ. ಮೇಷ್ಟ್ರು ಹೇಳಿದ ಕ್ಷಣ ಬಂತು. ಪರದೆಯ ಮೇಲೆ ನಕ್ಷತ್ರ ಮಾಯ! ನಾನು ಉಸಿರು ಬಿಗಿಹಿಡಿದೆ. ಮತ್ತೆ ಬಂತು!

ತಾರಸಿಯಿಂದ ಇಳಿದದ್ದು ನೆನಪಿಲ್ಲ. ಬೇಕರಿ ಬಾಗಿಲು ತೆಗೆಯುವುದನ್ನೇ ಕಾದು ಮೈಸೂರುಪಾಕು ತಂದು ಇಡೀ ಬೀದಿಗೆ ಹಂಚಿದೆ. "ಏನ್ ಗುರು ವಿಶೇಷ?" ಅಂದವರಿಗೆಲ್ಲ, "ಸಿಕ್ಬಿಡ್ತು ಗುರು, ಕೊನೆಗೂ ಸಿಕ್ಬಿಡ್ತು!" ಅಂದೆ. ನಮಗೆ ಸೈಟು ಸಿಕ್ಕಿದೆ ಅಂತ ಬೀದಿಯವರೆಲ್ಲ ಸಂತೋಷಪಟ್ಟರು.

ಫೋನಿನಲ್ಲಿ ಸುದ್ದಿ ಕೇಳಿದ ಮೇಷ್ಟ್ರು ತಡೆಯಲಾರದೆ ಮೊದಲ ಬಸ್ಸಿಗೇ ನೆಲಮಂಗಲದಿಂದ ಬಂದರು. ವಿಡಿಯೋ ನೋಡಿದರು. ಹಿಂದಕ್ಕೆ ಹಾಕಿ ಇನ್ನೊಮ್ಮೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಪಕ್ಕದಲ್ಲಿ ಇನ್ನೆರಡು ನಕ್ಷತ್ರ ಇದ್ವಲ್ಲಪ್ಪಾ, ಅವೂ ಹೋಗಿದಾವೆ?"

"ಹೌದು ಸಾರ್! ಒಂದಕ್ಕೆ ಕಾದ್ರೆ ಮೂರು ಹೋದ್ವು ಸಾರ್!" ಅಂತ ನಾನು ಎದೆಯುಬ್ಬಿಸಿ ಹೇಳಿದೆ.

ಮೇಷ್ಟ್ರು ಒಂದು ಫ್ರೇಮನ್ನು ನಿಲ್ಲಿಸಿ, ಬೆಳಕು ಜಾಸ್ತಿ ಮಾಡಿಸಿದರು. ನಕ್ಷತ್ರಗಳಿದ್ದ ಜಾಗದಲ್ಲಿ ಅಡ್ಡಡ್ಡವಾಗಿ, ಮಸುಕಾಗಿ, ಮಿನುಗುವ ಒಂದು ಪಟ್ಟಿ ಕಾಣಿಸಿತು.

"ನಾನೂ ಇಷ್ಟು ವರ್ಷದಿಂದ ನೋಡ್ತಾ ಇದೀನಿ" ಅಂದರು ಮೇಷ್ಟ್ರು. "ಜರಿ ಅಂಚಿರೋ ಕ್ಷುದ್ರಗ್ರಹ ಇದೇ ಮೊದಲು."

ತಾರಸಿಯ ತಂತಿಯ ಮೇಲೆ ಒಣಗಲು ಹಾಕಿದ್ದ ಸೀರೆ ಗಾಳಿಗೆ ಹಾರಿ ಹೋಗಿ ಬಂದಿತ್ತು, ಅಷ್ಟೇ. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ನಮ್ಮನೆಯವಳು ಪರದೆಗೆ ಮುಖ ಹತ್ತಿರ ತಂದು ನೋಡಿ, "ಅಯ್ಯೋ, ನನ್ನ ಸೀರೆ! ಚೆನ್ನಾಗಿ ಬಂದಿದೆ ಕಣ್ರೀ, ಒಂದು ಪ್ರಿಂಟ್ ಹಾಕಿ" ಅಂದಳು.

ಮಗ್ಗ ನಿಂತ ಸಂಜೆ

ಸೀರೆ ತಂತಿಯನ್ನು ಕಿತ್ತುಹಾಕಿದೆ. ಆದರೆ ಮಗ್ಗವನ್ನು ಕಿತ್ತುಹಾಕುವುದು ಹೇಗೆ? ನಮ್ಮ ಬೀದಿಯಲ್ಲಿ ಮನೆಗೊಂದು ಪವರ್‌ಲೂಮು. ಬೆಳಗಿನಿಂದ ರಾತ್ರಿವರೆಗೆ ಟಕಾಟಕ್ ಟಕಾಟಕ್. ನಮಗೆ ಆ ಸದ್ದು ಕೇಳಿಸುವುದೇ ಇಲ್ಲ. ಟೆಲಿಸ್ಕೋಪಿಗೆ ಕೇಳಿಸುತ್ತದೆ. ಗೋಡೆ ನಡುಗುತ್ತದೆ, ತಾರಸಿ ನಡುಗುತ್ತದೆ, ಪರದೆಯ ಮೇಲೆ ನಕ್ಷತ್ರ ಜ್ವರ ಬಂದವರಂತೆ ನಡುಗುತ್ತದೆ.

ಒಂದು ಸಂಜೆ ಏಳರ ಸುಮಾರಿಗೆ ನೆರಳು ನಮ್ಮೂರಿನ ಮೇಲೆ ಹಾಯುವುದಿತ್ತು. ಎಡಮನೆ ಬಲಮನೆಯವರಿಬ್ಬರ ಕೈಕಾಲು ಹಿಡಿದು, ಹತ್ತು ನಿಮಿಷ ಮಗ್ಗ ನಿಲ್ಲಿಸಿ ಅಂತ ಬೇಡಿಕೊಂಡೆ. ಒಳ್ಳೆಯವರು, ನಿಲ್ಲಿಸಿದರು. ಅವರು ನಿಲ್ಲಿಸಿದ್ದು ನೋಡಿ ಅವರ ಪಕ್ಕದವರೂ ನಿಲ್ಲಿಸಿದರು. ಯಾಕೆ ಅಂತ ಕೇಳುವುದಕ್ಕಿಂತ ಮೊದಲು ನಿಲ್ಲಿಸಿಬಿಡುವುದು ನಮ್ಮ ಬೀದಿಯ ಪದ್ಧತಿ. ಯಾಕೆಂದರೆ ಕರೆಂಟು ಇದ್ದೂ ಮಗ್ಗಗಳು ನಿಂತವು ಅಂದರೆ ಬೀದಿಯಲ್ಲಿ ಯಾರೋ ತೀರಿಕೊಂಡಿದ್ದಾರೆ ಅಂತಲೇ ಅರ್ಥ.

ಮೊದಲು ನಿಂತದ್ದು ನಮ್ಮ ಎಡಬಲದ ಮಗ್ಗ, ಅಂದರೆ ಸಾವು ನಡುವಿನ ನಮ್ಮ ಮನೆಯಲ್ಲೇ. ನನಗೆ ಇದ್ಯಾವುದೂ ಹೊಳೆದಿರಲಿಲ್ಲ. ಟೆಲಿಸ್ಕೋಪಿನ ಮುಂದೆ ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕೂತು, ರೆಪ್ಪೆ ಮಿಟುಕಿಸದೆ ಪರದೆ ನೋಡುತ್ತಿದ್ದೆ. ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಯಾರೋ, "ಅಣ್ಣಾ" ಅಂದರು. ನಾನು ಮಾತಾಡಲಿಲ್ಲ, ಮಾತಾಡಿದರೆ ವಿಡಿಯೋದಲ್ಲಿ ದಾಖಲಾಗುತ್ತದೆ. "ಅಣ್ಣೋ!" ನಾನು ಅಲುಗಲಿಲ್ಲ. "ಅಯ್ಯಯ್ಯೋ, ಕೂತಲ್ಲೇ..." ಅಂತ ಒಬ್ಬರು ಬೀದಿಗೆ ಕೇಳುವಂತೆ ಕೂಗಿದರು. ಕೆಳಗೆ ಬೀದಿಯಲ್ಲಿ ಅಳು ಶುರುವಾಯಿತು. ಎದುರುಮನೆ ಅಜ್ಜಿ ಅಡುಗೆಮನೆಗೇ ನುಗ್ಗಿ ನಮ್ಮನೆಯವಳನ್ನು ತಬ್ಬಿಕೊಂಡು, "ಇನ್ನೂ ವಯಸ್ಸಾಗಿರ್ಲಿಲ್ವಲ್ಲೇ ತಾಯಿ" ಅಂತ ಗೋಳಾಡಿದಳು.

ನಮ್ಮನೆಯವಳು ಒಗ್ಗರಣೆ ಸೌಟು ಹಿಡಿದುಕೊಂಡೇ ಮೇಲೆ ಬಂದಳು. ಅಷ್ಟು ಹೊತ್ತಿಗೆ ನೆರಳಿನ ಸಮಯ ಕಳೆದಿತ್ತು. ನಕ್ಷತ್ರ ಆರಿರಲಿಲ್ಲ, ಎಂದಿನಂತೆ ಮಿಸ್. ನಾನು ಬೇಸರದಿಂದ ಹಿಂದಕ್ಕೆ ತಿರುಗಿ, "ಏನು?" ಅಂದೆ. ನಾಲ್ಕು ಜನ ಬೆಚ್ಚಿ ಎರಡೆರಡು ಮೆಟ್ಟಿಲು ಕೆಳಗೆ ಹಾರಿದರು.

ನಮ್ಮನೆಯವಳು ಅವರಿಗೆ ಸಮಾಧಾನ ಹೇಳಿದಳು. "ಹೆದರ್ಕೋಬೇಡಿ. ಇವರು ಹೀಗೇ. ಬದುಕಿದ್ದಾಗಲೂ ಹೀಗೇ ಕೂತಿರ್ತಿದ್ರು."

ಹಿಡಿಯದ ಗ್ರಹಣ

ಊರೊಳಗೆ ಬೇಡ, ಹಳ್ಳಿ ಕಡೆ ಹೋಗೋಣ ಅಂತ ತೀರ್ಮಾನವಾಯಿತು. ಶಿವಗಂಗೆ ಬೆಟ್ಟದ ಕೆಳಗೆ ಮೇಷ್ಟ್ರ ಹಳೇ ಶಿಷ್ಯನೊಬ್ಬನ ಮನೆ. ತಾರಸಿ ಚೆನ್ನಾಗಿದೆ, ಮಗ್ಗ ಇಲ್ಲ, ಸೀರೆ ಒಣಗಿಸುವುದು ಹಿತ್ತಲಲ್ಲಿ. ಸಂಕ್ರಾಂತಿ ಕಳೆದ ವಾರ ನಾನೂ ಮೇಷ್ಟ್ರೂ ಸಂಜೆಗೆ ಹೋಗಿ ಇಳಿದೆವು.

ಆ ಮನೆಯ ಅಜ್ಜಿ ಮೇಷ್ಟ್ರನ್ನು ವಿಚಾರಿಸಿಕೊಂಡರು. "ಏನ್ ಮೇಷ್ಟ್ರೇ, ನಕ್ಷತ್ರಕ್ಕೆ ಗ್ರಹಣವಂತೆ?"

"ಒಂಥರಾ ಹಂಗೇ ಅನ್ನಿ ಅಮ್ಮಾ" ಅಂದರು ಮೇಷ್ಟ್ರು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು.

"ಯಾವ ನಕ್ಷತ್ರದೋರಿಗೆ ದೋಷ?"

"ಅದಕ್ಕೆ ಹೆಸರಿಲ್ಲಮ್ಮ, ಬರೀ ನಂಬರ್ ಅದೆ."

"ಹೆಸರಿಲ್ದೆ ಇರುತ್ತಾ? ಯಾವುದರ ಪಕ್ಕ ಬರುತ್ತೆ ಹೇಳಿ."

ಮೇಷ್ಟ್ರಿಗೆ ಪಾಠ ಮಾಡುವ ಚಟ. ಅಂಗಳಕ್ಕೆ ಕರೆದುಕೊಂಡು ಹೋಗಿ ಆಕಾಶ ತೋರಿಸಿ, "ಅಗೋ ಕೆಂಪಗೆ ಕಾಣ್ತದಲ್ಲ, ಅದು ರೋಹಿಣಿ. ಅದರ ಪಕ್ಕದಲ್ಲಿ" ಅಂದರು.

ಅಜ್ಜಿಯ ಮುಖ ಬಿಳಿಚಿಕೊಂಡಿತು. ಹಬ್ಬಕ್ಕೆ ಬಂದು ಇನ್ನೂ ಉಳಿದಿದ್ದ ಮೊಮ್ಮಗಳ ಗಂಡನದು ರೋಹಿಣಿ ನಕ್ಷತ್ರ! ಟಿವಿ ಮುಂದೆ ಕಾಲು ಚಾಚಿ ಕೂತಿದ್ದ ಆ ಅಳಿಯನನ್ನು ಎಬ್ಬಿಸಿ ಬಚ್ಚಲಿಗೆ ಕಳಿಸಿದರು. ಗ್ರಹಣ ಹಿಡಿಯುವ ಮೊದಲು ಒಂದು ಸ್ನಾನ, ಬಿಟ್ಟ ಮೇಲೆ ಇನ್ನೊಂದು, ಎರಡೂ ತಣ್ಣೀರಲ್ಲಿ. ನಡುವೆ ಉಪವಾಸ. ಬೆಟ್ಟದ ಕಡೆಯಿಂದ ಬೀಸುವ ಪುಷ್ಯದ ಗಾಳಿಯಲ್ಲಿ ಅಳಿಯ ಒದ್ದೆ ಪಂಚೆಯಲ್ಲಿ ತಾರಸಿಗೆ ಬಂದು ನಿಂತ. ಅಡುಗೆಮನೆಯಿಂದ ಹಿತಕಿದ ಅವರೆಕಾಳಿನ ಸಾರು ಘಮಘಮ ಅನ್ನುತ್ತಿತ್ತು. ಅದರ ಪಾತ್ರೆಯ ಮೇಲೂ ದರ್ಭೆ, ಟೆಲಿಸ್ಕೋಪಿನ ಮೇಲೂ ದರ್ಭೆ.

ಹೇಳಿದ ಸಮಯ ಬಂತು, ಹೋಯಿತು. ನಕ್ಷತ್ರ ಜಪ್ಪಯ್ಯ ಅನ್ನಲಿಲ್ಲ. ಮೇಷ್ಟ್ರು ನಿಟ್ಟುಸಿರು ಬಿಟ್ಟು, "ಹಿಡೀಲಿಲ್ಲ" ಅಂದರು.

ಕೆಳಗಿನಿಂದ ಅಜ್ಜಿ ಕೂಗಿದರು. "ಬಿಡ್ತಾ ಮೇಷ್ಟ್ರೇ?"

"ಹಿಡೀಲೇ ಇಲ್ವಲ್ಲಮ್ಮಾ, ಬಿಡೋದೇನು?"

"ಹಂಗಾದ್ರೆ ಹಿಡಿದು ಬಿಡೋ ಗಂಟ ಊಟ ಇಲ್ಲ!"

ಅಳಿಯನ ಹಲ್ಲು ಕಟಕಟ ಅನ್ನುತ್ತಿತ್ತು. "ಸಾರ್" ಅಂತ ಕೈ ಮುಗಿದ, "ಬಿಡ್ತು ಅಂತ ಒಂದು ಮಾತು ಅಂದ್ಬಿಡಿ ಸಾರ್." ಮೇಷ್ಟ್ರು ಸಂಕಟಕ್ಕೆ ಬಿದ್ದರು. ನೋಡದೇ ಇದ್ದದ್ದನ್ನು ನೋಡಿದೆ ಅನ್ನಬಾರದು ಅಂತ ನಮಗೆಲ್ಲ ಎಷ್ಟು ಸಲ ಉಪದೇಶ ಮಾಡಿದವರು ಅವರು. ಅಷ್ಟರಲ್ಲಿ ಸಾರಿನ ವಾಸನೆ ಇನ್ನೊಂದು ಅಲೆ ಮೇಲೆ ಬಂತು. ನಲವತ್ತು ವರ್ಷ ವಿಜ್ಞಾನ ಕಲಿಸಿದ ಮೇಷ್ಟ್ರು ತಾರಸಿಯ ಮೋಟುಗೋಡೆಯ ಮೇಲಿಂದ ಬಗ್ಗಿ, "ಬಿಡ್ತಮ್ಮಾ, ಪೂರ್ತಿ ಬಿಡ್ತು!" ಅಂತ ಕೂಗಿದರು. ಅವತ್ತು ಮೂರನೇ ಸಲ ಸಾರು ಹಾಕಿಸಿಕೊಂಡವರೂ ಅವರೇ.

ಮೂರು ಗೆರೆ

ಆಮೇಲಿನದ್ದು ತೂಬಗೆರೆ ಕಡೆಯ ಪ್ರಸಂಗ. ಮುಂದಿನ ತಿಂಗಳು ಒಂದು ನೆರಳು ಆ ಹೋಬಳಿಯ ಮೇಲೆ ಹಾಯುವುದಿತ್ತು. ಟೆಲಿಸ್ಕೋಪ್ ಎಲ್ಲಿಡುವುದು ಅಂತ ಜಾಗ ನೋಡಲು ಒಂದು ಭಾನುವಾರ ನಾವಿಬ್ಬರೂ ಹೋದೆವು. ನನ್ನ ಹೆಗಲ ಮೇಲೆ ಮೂರು ಕಾಲಿನ ಸ್ಟ್ಯಾಂಡು. ಮೇಷ್ಟ್ರ ಕೈಯಲ್ಲಿ ಮ್ಯಾಪು. ಮ್ಯಾಪಿನ ಮೇಲೆ ಉದ್ದಕ್ಕೂ ಮೂರು ಗೆರೆ, ನೆರಳಿನ ಎರಡು ಅಂಚು, ನಡುವೆ ಸೆಂಟರ್ ಲೈನು.

ಬೆಂಗಳೂರು ಸುತ್ತಮುತ್ತಲ ಹಳ್ಳಿಗಳಲ್ಲಿ ಮೂರು ಕಾಲಿನ ಸ್ಟ್ಯಾಂಡು, ಮೂರು ಗೆರೆಯ ಮ್ಯಾಪು ಹಿಡಿದು ಇಬ್ಬರು ಹೊಲದ ಬದುವಿನಲ್ಲಿ ನಡೆದರೆ ಏನರ್ಥ ಅಂತ ಹಾಲು ಕುಡಿಯುವ ಮಗುವಿಗೂ ಗೊತ್ತು. ನಾವು ಎರಡು ಹೊಲ ದಾಟುವಷ್ಟರಲ್ಲಿ ಹಿಂದೆ ಒಂದು ಮೆರವಣಿಗೆಯೇ ಇತ್ತು. ಪಂಚಾಯ್ತಿ ಮಾಜಿ ಮೆಂಬರೊಬ್ಬರು ಮುಂದೆ ಬಂದರು.

"ಏನಪ್ಪಾ, ರಿಂಗ್ ರೋಡಾ?"

"ಅಲ್ಲಣ್ಣ, ನೆರಳು" ಅಂದೆ. "ಇಲ್ಲಿ ಮೇಲಿಂದ ನೆರಳು ಹೋಗುತ್ತೆ."

ಅವರು ಹಿಂದಕ್ಕೆ ತಿರುಗಿ ಜನಕ್ಕೆ ಗಂಭೀರವಾಗಿ ಹೇಳಿದರು. "ಫ್ಲೈಓವರ್ ಕಣ್ರಪ್ಪಾ."

ಮೇಷ್ಟ್ರು ಮತ್ತೆ ಪಾಠ ಶುರು ಮಾಡಿದರು. ಕ್ಷುದ್ರಗ್ರಹ, ನಕ್ಷತ್ರ, ಬೆಳಕು ಎಲ್ಲ ವಿವರಿಸಿದರು. ಎಲ್ಲರೂ ತಲೆಯಾಡಿಸಿದರು. ಕೊನೆಗೆ ಒಬ್ಬರು, "ಅದೆಲ್ಲ ಸರಿ ಸ್ವಾಮಿ, ಅಗಲ ಎಷ್ಟು?" ಅಂದರು.

"ಮೂವತ್ತು ಕಿಲೋಮೀಟ್ರು" ಅಂದರು ಮೇಷ್ಟ್ರು.

ಎಲ್ಲರೂ ತಂತಮ್ಮ ಹೊಲದ ಕಡೆ ತಿರುಗಿ ನೋಡಿದರು. ಆಮೇಲೆ ಉಪಚಾರ ಶುರುವಾಯಿತು. ಎಳನೀರು ಬಂತು, ಹಲಸಿನ ತೊಳೆ ಬಂತು, ಕುರ್ಚಿ ಬಂತು. ಒಬ್ಬರು ನನ್ನನ್ನು ಹುಣಸೆಮರದ ಮರೆಗೆ ಕರೆದು, "ನಮ್ಮ ತೋಟ ಉಳ್ಕೊಳ್ಳೋ ಹಂಗೆ ಒಂಚೂರು ಆ ಕಡೆ ತಗೊಳ್ಳಿ ಸಾರ್" ಅಂದರು. ಅವರ ಸ್ವಂತ ತಮ್ಮ ಅದೇ ಮರದ ಇನ್ನೊಂದು ಬದಿಗೆ ಕರೆದು, "ನಮ್ಮಣ್ಣನ ಮಾತು ಕೇಳ್ಬೇಡಿ, ಸೆಂಟರ್ ಲೈನು ನನ್ನ ಭಾಗದ ಮೇಲೇ ಬರ್ಲಿ" ಅಂದ.

ಇಂಥ ಲೆಕ್ಕಗಳು ಕೊನೆ ಗಳಿಗೆಯಲ್ಲಿ ಅಷ್ಟಿಷ್ಟು ಬದಲಾಗುತ್ತವೆ. ನಕ್ಷತ್ರದ ಜಾಗ, ಬಂಡೆಯ ದಾರಿ ಇನ್ನಷ್ಟು ಸರಿಯಾಗಿ ಗೊತ್ತಾದ ಹಾಗೆ ಗೆರೆಗಳು ಅತ್ತಿತ್ತ ಸರಿಯುತ್ತವೆ. ಆ ಸಲ ಮೂರೂ ಗೆರೆ ಸರಿದು ದಕ್ಷಿಣಕ್ಕೆ ಹೊರಟುಹೋದವು. ನೆರಳು ತೂಬಗೆರೆಯನ್ನು ಮುಟ್ಟಲೇ ಇಲ್ಲ. ಕೆಲವು ದಿನ ಬಿಟ್ಟು ಆ ತಮ್ಮ ನಮ್ಮ ಸ್ಟುಡಿಯೋ ಹುಡುಕಿಕೊಂಡು ಬಂದ. ಕೂತ. ಕಾಫಿ ಬೇಡ ಅಂದ.

"ಲೈನು ಆ ಕಡೆ ಹೋಯ್ತಂತೆ?"

"ಹೌದಣ್ಣ, ಹೊಸ ಲೆಕ್ಕ ಬಂತು."

"ಇರ್ಲಿ ಬಿಡಿ, ದೊಡ್ಡೋರು ಯಾರೋ ಮಾತಾಡಿರ್ತಾರೆ" ಅಂತ ಎದ್ದು, ಬಾಗಿಲ ತನಕ ಹೋಗಿ ಹಿಂತಿರುಗಿ ನೋಡಿ ಕೇಳಿದ. "ಸರ್ಕಾರ ಬದಲಾದ್ರೆ ವಾಪಸ್ ಬರುತ್ತಾ?"

ಸ್ಪೆಷಲ್ ಶಾಟ್

ಇಷ್ಟೆಲ್ಲ ಆದ ಮೇಲೆ ನಮ್ಮನೆಯವಳು ಗಡುವು ಕೊಟ್ಟಳು. "ಇನ್ನೊಂದೇ ಒಂದು ಸಲ. ಮಿಸ್ ಆದ್ರೆ ಟೆಲಿಸ್ಕೋಪ್ ಮಾರೋದು, ಡ್ರೋನ್ ತರೋದು." ನಾನು ಒಪ್ಪಿಕೊಂಡೆ. ಒಪ್ಪದೆ ಇರಲು ನನ್ನ ಹತ್ತಿರ ಮುಖ ಎಲ್ಲಿತ್ತು?

ಆ ಒಂದು ಸಲ ಬಂತು. ಒಳ್ಳೆ ದೊಡ್ಡ ಬಂಡೆ, ಒಳ್ಳೆ ಬೆಳಗುವ ನಕ್ಷತ್ರ, ಸಂಜೆ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ. ಇಡೀ ಜಿಲ್ಲೆಯ ಮೇಲೆ ನೆರಳು. ಮೇಷ್ಟ್ರು ಫೋನಿನಲ್ಲಿ ಜಾಗ ಹಂಚಿದರು. ಡಾಕ್ಟರಮ್ಮ ಹೊಸಕೋಟೆ, ಕ್ರೇನಿನವರು ದಾಬಸ್‌ಪೇಟೆ, ತಾವು ನೆಲಮಂಗಲ. "ನಡುಮಧ್ಯದ ಗೆರೆ ನಿಂದಪ್ಪಾ. ದೇವನಹಳ್ಳಿ ಕಡೆ. ಅಲ್ಲಿ ಯಾರೂ ಇಲ್ದಿದ್ರೆ ನಡುವೆ ಖಾಲಿ ಬಿದ್ಹೋಗುತ್ತೆ."

ಆದರೆ ಅವತ್ತು ನಾನೊಂದು ಮದುವೆ ಒಪ್ಪಿಕೊಂಡಿದ್ದೆ. ಬೆಳಿಗ್ಗೆ ಧಾರೆ, ಸಂಜೆ ಆರತಕ್ಷತೆ. ಯಾವುದನ್ನೂ ಬಿಡುವ ಹಾಗಿಲ್ಲ. "ಸಾರ್, ಆಗಲ್ಲ ಸಾರ್" ಅಂತ ಅಳುವ ದನಿಯಲ್ಲಿ ಹೇಳಿದೆ.

"ಮದುವೆ ಎಲ್ಲಿ?"

ಕಲ್ಯಾಣ ಮಂಟಪದ ಜಾಗ ಹೇಳಿದೆ. ಮೇಷ್ಟ್ರು ಮ್ಯಾಪು ಬಿಡಿಸುವ ಸದ್ದು ಕೇಳಿಸಿತು. ಆಮೇಲೆ ನಗು. "ಲೋ, ದೇವನಹಳ್ಳಿ ರಸ್ತೇಲಿ ಆ ಮಂಟಪದ ಮೇಲೇ ಹೋಗ್ತದೆ ಕಣೋ ಸೆಂಟರ್ ಲೈನು!"

ಅವತ್ತು ಮಧ್ಯಾಹ್ನ ಎಲ್ಲರೂ ಊಟ ಮಾಡಿ ಮಲಗಿದ್ದಾಗ ಟೆಲಿಸ್ಕೋಪನ್ನು ಮಂಟಪದ ತಾರಸಿಗೆ ಸಾಗಿಸಿದೆ. ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಮೋಡ ಇಲ್ಲ, ಮಗ್ಗ ಇಲ್ಲ, ಸೀರೆಗಳೆಲ್ಲ ಮೈಮೇಲೆ ಇವೆ. ಸಂತೋಷಕ್ಕೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮಂಟಪದ ದೀಪಗಳು ಹತ್ತಿಕೊಂಡವು.

ಸೀರಿಯಲ್ ಸೆಟ್ಟು, ಕಮಾನು, ಫೋಕಸ್ ಲೈಟು. ಅದು ಸಾಲದು ಅಂತ ಆಕಾಶಕ್ಕೆ ತಿರುಗಿಸಿ ಗಿರಗಿರ ಸುತ್ತುವ ಎರಡು ಬೀಮ್ ಲೈಟು. ನನ್ನ ಪರದೆ ಹಾಲಿನ ಬಟ್ಟಲಿನಂತೆ ಬೆಳ್ಳಗಾಯಿತು. ನಕ್ಷತ್ರ ಎಲ್ಲಿ? ಓಡಿಹೋಗಿ ಲೈಟಿಂಗಿನವನ ಕಾಲಿಗೆ ಬಿದ್ದೆ. "ಐದೇ ನಿಮಿಷ ಆರಿಸು ಗುರು." ಅವನು, "ನಿನಗೇನ್ ತಲೆ ಕೆಟ್ಟಿದೆಯಾ? ಗಂಡಿನ ಕಡೆಯೋರು ಆ ಬೀಮ್ ಲೈಟ್ ಕೇಳಿ ಹಾಕ್ಸಿರೋದು" ಅಂದ.

ಇನ್ನು ಹೆಚ್ಚು ಹೊತ್ತಿರಲಿಲ್ಲ. ಆಗ ಹೊಳೆಯಿತು. ನಮ್ಮ ಕಡೆ ಮದುವೆಮನೆಯಲ್ಲಿ ಪುರೋಹಿತರ ಮಾತು ಯಾರೂ ಕೇಳುವುದಿಲ್ಲ. ಹೆಣ್ಣಿನ ಅಪ್ಪನ ಮಾತಂತೂ ಕೇಳುವುದೇ ಇಲ್ಲ. ಆದರೆ ಫೋಟೋಗ್ರಾಫರ್ ಹೇಳಿದರೆ ಎಂಥ ಎಮ್ಮೆಲ್ಲೆಯೂ ಗದ್ದ ಎತ್ತಿ ಓರೆಯಾಗಿ ನಿಲ್ಲುತ್ತಾನೆ. ನಾನು ಸೀದಾ ಸ್ಟೇಜ್ ಹತ್ತಿ ಮೈಕು ಹಿಡಿದೆ.

"ಈಗ ಒಂದು ಸ್ಪೆಷಲ್ ಶಾಟ್ ತಗೋತಾ ಇದೀವಿ. ಹೊರಗೆ ಒಳಗೆ ಎಲ್ಲ ಲೈಟೂ ಆಫ್ ಆಗ್ಬೇಕು. ಯಾರೂ ಅಲುಗಾಡಬಾರದು, ಮೊಬೈಲ್ ಆನ್ ಮಾಡಬಾರದು. ಗಂಡು ಹೆಣ್ಣು ಒಬ್ಬರನ್ನೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾ ನಿಂತ್ಕೊಳ್ಳಿ. ನಾನು ಹೇಳೋ ತನಕ!"

ಬೀಮ್ ಲೈಟಿನಿಂದ ಹಿಡಿದು ಐಸ್‌ಕ್ರೀಮ್ ಸ್ಟಾಲಿನ ಬಲ್ಬಿನವರೆಗೆ ಎಲ್ಲ ಆರಿದವು. ಗಿಜಿಗುಟ್ಟುತ್ತಿದ್ದ ಮಂಟಪ ಗಪ್‌ಚಿಪ್. ಸ್ಟೇಜ್ ಕ್ಯಾಮೆರಾ ಹಿಂದಿದ್ದ ನಮ್ಮನೆಯವಳಿಗೆ ಮಾತ್ರ ಸಂಗತಿ ಅರ್ಥವಾಯಿತು. "ಓಡಿ!" ಅಂತ ಪಿಸುಗುಟ್ಟಿದಳು. ಓಡಿದೆ.

ಪರದೆ ಕಪ್ಪಗಾಗಿತ್ತು. ನಡುವೆ ನನ್ನ ನಕ್ಷತ್ರ ಸೂಜಿಮೊನೆಯಷ್ಟು ಚೊಕ್ಕವಾಗಿ ನಿಂತಿತ್ತು. ಸಮಯ ಹತ್ತಿರ ಬಂತು. ಬಂತು.

ಆರಿತು!

ಯಾರೋ ಸ್ವಿಚ್ ಒತ್ತಿದ ಹಾಗೆ ಒಂದೇ ಸಲಕ್ಕೆ ಆರಿತು. ಪಕ್ಕದ ಎರಡು ಪುಟ್ಟ ನಕ್ಷತ್ರಗಳು ಇದ್ದಲ್ಲೇ ಇದ್ದವು! ನನ್ನದೊಂದೇ ಇಲ್ಲ. ನಾನು ಬಾಯಿಗೆ ಟವೆಲ್ ತುರುಕಿಕೊಂಡು ನಿಂತೆ. ನಾಲ್ಕೈದು ಸೆಕೆಂಡು ಕಳೆದವು. ಫಕ್ಕನೆ ಮತ್ತೆ ಹತ್ತಿಕೊಂಡಿತು.

ಆಮೇಲೆ ನಾನು ಏನು ಮಾಡಿದೆ ಅಂತ ಕ್ರಮವಾಗಿ ಹೇಳಲಾರೆ. ಕುಣಿದೆ ಅನ್ನುವುದು ನಿಜ. ನೀರಿನ ಟ್ಯಾಂಕನ್ನು ತಬ್ಬಿಕೊಂಡದ್ದೂ ನಿಜ. ಮೇಷ್ಟ್ರಿಗೆ ಫೋನ್ ಮಾಡಿದೆ. ವಿಡಿಯೋ ಹಿಂದಕ್ಕೆ ಹಾಕಿ ನೋಡಿದೆ, ಇನ್ನೊಮ್ಮೆ ನೋಡಿದೆ, ನಂಬಿಕೆ ಬರದೆ ಮತ್ತೊಮ್ಮೆ ನೋಡಿದೆ. ಆಗ ನಮ್ಮನೆಯವಳ ಫೋನ್ ಬಂತು.

"ರೀ, ಸಿಕ್ತಾ?"

"ಸಿಕ್ತು ಕಣೇ! ಸಿಕ್ಬಿಡ್ತು!"

"ಸಂತೋಷ. ಹಾಗಾದ್ರೆ ಕೆಳಗೆ ಬಂದು ಇವರಿಗೆ ಅಲುಗಾಡೋಕೆ ಪರ್ಮಿಷನ್ ಕೊಡಿ. ಗಂಡು ಆವಾಗಿಂದ ರೆಪ್ಪೆ ಹೊಡೆದಿಲ್ಲ."

ಇಡೀ ಮದುವೆಯನ್ನು ಕತ್ತಲಲ್ಲಿ ನಿಲ್ಲಿಸಿ ಮರೆತುಬಿಟ್ಟಿದ್ದೆ! ಇಳಿದು ಬಂದರೆ ಸಾವಿರ ಜನ ಇದ್ದಲ್ಲೇ ನಿಂತಿದ್ದಾರೆ. ಬಡಿಸುವವನು ಪಾಯಸದ ಸೌಟನ್ನು ಗಾಳಿಯಲ್ಲೇ ಹಿಡಿದಿದ್ದಾನೆ. ದೀಪ ಹಾಕಿಸಿದೆ. ಗಂಡಿನ ಕಣ್ಣಿಂದ ಧಾರಾಕಾರ ನೀರು. ಅದನ್ನು ನೋಡಿ ಹೆಣ್ಣಿನ ಕಡೆಯ ಹೆಂಗಸರೆಲ್ಲ, "ಎಂಥಾ ಪ್ರೀತಿ ನೋಡೇ" ಅಂತ ತಾವೂ ಕಣ್ಣೊರೆಸಿಕೊಂಡರು.

ಹೆಣ್ಣಿನ ಅಪ್ಪನಿಗೆ ನಿಜ ಹೇಳಿಬಿಟ್ಟೆ. ಬೈಗುಳ ತಿನ್ನಲು ತಯಾರಾಗಿದ್ದೆ. ಅವರು ತಾರಸಿಯ ಕಡೆ ಕತ್ತೆತ್ತಿ ನೋಡಿ, "ಅಂದ್ರೆ, ಆ ನೆರಳು ನಮ್ಮ ಮಗಳ ಮಂಟಪದ ಮೇಲೇ ಹೋಯ್ತಾ?" ಅಂದರು. "ನಡುಮಧ್ಯಕ್ಕೆ" ಅಂದೆ. "ಹಾಕಪ್ಪಾ ದೊಡ್ಡ ಸ್ಕ್ರೀನ್ ಮೇಲೆ!" ಅಂತ ಅಪ್ಪಣೆಯಾಯಿತು.

ಹಾಕಿದೆ. ಚುಕ್ಕಿ ಇತ್ತು, ಆರಿತು, ಬಂತು. ಆಮೇಲೆ ಶಿಳ್ಳೆ, ಚಪ್ಪಾಳೆ, ಬ್ಯಾಂಡಿನವರು ಡೋಲು ಬಾರಿಸಿಯೇಬಿಟ್ಟರು. ಅದೇ ಗದ್ದಲದಲ್ಲಿ ಮೇಷ್ಟ್ರ ಫೋನು. "ಎಲ್ರಿಗೂ ಸಿಕ್ಕಿದೆ ಕಣೋ, ಎಲ್ರಿಗೂ! ನಿನ್ನ ನಕ್ಷತ್ರನೇ ಎಲ್ರಿಗಿಂತ ಜಾಸ್ತಿ ಹೊತ್ತು ಆರಿದ್ದು. ಬಂಡೆ ನಡುಮಧ್ಯ ಹಾದಿದೆ ನಿನ್ನ ಮೇಲೆ!" ಪಕ್ಕದಲ್ಲಿದ್ದ ನಮ್ಮನೆಯವಳು ನನ್ನ ತೋಳು ಚಿವುಟಿ, "ಡ್ರೋನ್ ಬಾಡಿಗೆಗೆ ತಂದ್ರಾಯ್ತು ಬಿಡಿ" ಅಂದಳು. ಅಷ್ಟು ವರ್ಷದ ಮೋಡವೆಲ್ಲ ಅಲ್ಲಿಗೆ ಸರಿದುಹೋಯಿತು.

ಆಗಲೇ ಊಟದ ಹಾಲಿನಿಂದ ಗಂಡಿನ ಸೋದರಮಾವ ಬಂದರು. ಹಿಂದೆ ಬೀಗರ ಕಡೆಯ ಹತ್ತು ಹನ್ನೆರಡು ಹಿರಿಯರು, ಕೈ ಇನ್ನೂ ತೊಳೆದಿಲ್ಲ. ಮಾವನ ಮುಖ ಕೆಂಪಗಾಗಿತ್ತು.

"ಏನ್ರೀ ಬೀಗರೇ, ನಾವು ಊಟಕ್ಕೆ ಕೂತಿದ್ದಾಗ ಲೈಟೆಲ್ಲ ಆರಿಸಿ ಇಲ್ಲಿ ಏನೋ ಮುಖ್ಯವಾದ್ದು ಮಾಡಿ ಮುಗಿಸಿಬಿಟ್ರಂತೆ? ಗಂಡಿನ ಕಡೆಯೋರಿಗೆ ಒಂದು ಮಾತು ಹೇಳೋದು ಬೇಡ್ವಾ?"

ಬ್ಯಾಂಡಿನವರು ಡೋಲು ಕೆಳಗಿಟ್ಟರು. ಬೀಗರು ಮುನಿಸಿಕೊಂಡರೆ ಮುಂದೇನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹೆಣ್ಣಿನ ಅಪ್ಪ ನನ್ನ ಎರಡೂ ಕೈ ಹಿಡಿದುಕೊಂಡರು. "ಗುರು, ಮರ್ಯಾದೆ ಪ್ರಶ್ನೆ. ಬರೀ ವಿಡಿಯೋ ತೋರಿಸಿದ್ರೆ ಒಪ್ಪಲ್ಲ ಇವರು. ಇವರಿಗೋಸ್ಕರ ಇನ್ನೊಂದು ಸಲ ಮಾಡಿಸ್ಬಿಡು."

"ಅಣ್ಣಾ, ಅದು ನನ್ನ ಕೈಲಿಲ್ಲ. ಆಕಾಶದ್ದು. ಆಗೋದೇ ಒಂದು ಸಲ" ಅಂತ ನಾನು ತೊದಲಿದೆ.

ನಮ್ಮನೆಯವಳು ಮುಂದೆ ಬಂದು ನನ್ನ ಪರವಾಗಿ ನಿಂತಳು. ಜೋರಾಗಿಯೇ ಹೇಳಿದಳು. "ನೋಡಿ ಯಜಮಾನ್ರೇ, ಇದು ತಾಳಿ ಕಟ್ಟಿದ ಹಾಗೆ. ಮುಹೂರ್ತಕ್ಕೆ ಒಂದೇ ಸಲ. ಇನ್ನೊಂದು ಸಲ ಅಂತ ಇಲ್ಲ."

ಸೋದರಮಾವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಏನಮ್ಮಾ ಹೇಳ್ತೀಯಾ ನೀನು? ಬೆಳಿಗ್ಗೆ ಫೋಟೋ ಸರಿಯಾಗಿ ಬರ್ಲಿಲ್ಲ ಅಂತ ನಮ್ಮ ಹುಡುಗನ ಕೈಲಿ ಮೂರು ಸಲ ತಾಳಿ ಕಟ್ಟಿಸಿದೋರು ನೀವು! ಒಂದು ನಕ್ಷತ್ರ ಎರಡನೇ ಸಲ ಆರ್ಸೋಕಾಗಲ್ವಾ?"